ಪಿ.ಸಿ.ಓ.ಡಿ.: ಹೆಸರೇ ತಂದೊಡ್ಡಿದ ತೊಡಕು

ಕಾಯಿಲೆಯೊಂದಕ್ಕೆ ಇಟ್ಟ ಹೆಸರೇ ಅದನ್ನು ಅರಿಯಲು ಅಡ್ಡಿಯಾಗಬಲ್ಲದು ಎಂಬುದಕ್ಕೆ ಮನೆಮನೆಯಲ್ಲೂ ಕೇಳಿಬರುವ ‘ಪಿ.ಸಿ.ಓ.ಡಿ.’ ಒಳ್ಳೆಯ ನಿದರ್ಶನ. ಹೆಣ್ಣುಮಕ್ಕಳ ತಂದೆತಾಯಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಇದನ್ನು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

1721ರಲ್ಲಿ ಇಟಲಿಯ ವಲ್ಲಿಸ್ನೇರಿ ಎಂಬ ವೈದ್ಯ, ಮಕ್ಕಳಿಲ್ಲದ ರೈತ ಹೆಣ್ಣೊಬ್ಬಳ ಅಂಡಾಶಯಗಳು ಪಾರಿವಾಳದ ಮೊಟ್ಟೆಯಷ್ಟು ದಪ್ಪಗೆ, ಬೆಳ್ಳಗೆ ಇದ್ದುದನ್ನು ದಾಖಲಿಸಿದ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ 7 ಮಹಿಳೆಯರ ವಿವರ ಪ್ರಕಟಿಸಿ, ಅಂಡಾಶಯದ ಒಂದು ಭಾಗವನ್ನು ಕತ್ತರಿಸಿ ತೆಗೆದರೆ ಮುಟ್ಟು ಕ್ರಮಕ್ಕೆ ಬರುವುದೆಂದು ತಿಳಿಸಿದರು. ಹೀಗೆ ದೋಷವೆಲ್ಲ ಅಂಡಾಶಯದ ಮೇಲೆಯೇ ಬಿತ್ತು.

1980ರ ನಂತರದ ಸಂಶೋಧನೆ ಬೇರೊಂದು ಎಳೆಯನ್ನು ಹಿಡಿಯಿತು. ದೇಹವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಆಗ ಅಂಡಾಶಯವು ಪುರುಷ ಹಾರ್ಮೋನನ್ನು ಅಧಿಕವಾಗಿ ಸ್ರವಿಸುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣುವವು ನಿಜವಾದ ನೀರುಗುಳ್ಳೆಗಳಲ್ಲ, ಪೂರ್ಣ ಬೆಳೆಯದೆ ನಿಂತ ಅಂಡಕೋಶಕಗಳು. ಈ ಹೆಸರು ದಾರಿ ತಪ್ಪಿಸುತ್ತದೆ, ಬದಲಾಗಬೇಕು ಎಂದು ಅಮೆರಿಕದ ತಜ್ಞಸಮಿತಿಯೊಂದು 2012ರಲ್ಲೇ ಹೇಳಿತು.

ಇನ್ನೊಂದು ಮಾತು. ಅಳತೆಗೋಲುಗಳೆಲ್ಲ ಬಹುಮಟ್ಟಿಗೆ ಪಾಶ್ಚಾತ್ಯ ಹೆಣ್ಣುಮಕ್ಕಳನ್ನು ಕಂಡು ರೂಪುಗೊಂಡವು. ಮೈಮೇಲಿನ ಕೂದಲನ್ನು ಅಂಕಗಳಲ್ಲಿ ಅಳೆಯುವ 1961ರ ಪದ್ಧತಿಯನ್ನೇ ನೋಡಿ: ಸಹಜವಾಗಿಯೇ ಕೂದಲು ವಿರಳವಾಗಿರುವ ಪೂರ್ವ ಏಷ್ಯಾದವರಿಗೂ, ಹೆಚ್ಚಿರುವ ನಮ್ಮವರಿಗೂ ಒಂದೇ ಗೆರೆ ಹೊಂದುವುದೆಂತು? ದಕ್ಷಿಣ ಏಷ್ಯಾದವರಲ್ಲಿ ಕಡಿಮೆ ತೂಕದಲ್ಲಿಯೂ ಇನ್ಸುಲಿನ್ ಏರುಪೇರಾಗುವುದುಂಟು. ‘ನಮ್ಮ ಹುಡುಗಿ ತೆಳ್ಳಗಿದ್ದಾಳೆ, ಅವಳಿಗೇನು?’ ಎಂಬ ಸಮಾಧಾನ ಇಲ್ಲಿ ನಡೆಯದು. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಜನಾಂಗೀಯ ವ್ಯತ್ಯಾಸವನ್ನು ಗಮನಿಸಬೇಕೆಂದಿದೆ.

ವೈದ್ಯಶಾಸ್ತ್ರ ಇಷ್ಟು ದೂರ ನಡೆದುಬಂದರೂ ನಮ್ಮ ಪಡಸಾಲೆ ಇನ್ನೂ 1935ರಲ್ಲಿಯೇ ನಿಂತಿದೆ. ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತೇವೆ. ಸಂಬಂಧ ತಪ್ಪೀತೆಂದು ಮಗಳ ತೊಂದರೆಯನ್ನು ಮುಚ್ಚಿಡುತ್ತೇವೆ. ಈ ತೊಂದರೆಯುಳ್ಳ ಎಷ್ಟೋ ಮಂದಿ ತಾಯಂದಿರಾಗುತ್ತಾರೆ. ಆದರೆ ಸಕ್ಕರೆ ಕಾಯಿಲೆಯ ಅಪಾಯ ಮಕ್ಕಳಾದ ಮೇಲೂ ಬೆನ್ನು ಬಿಡುವುದಿಲ್ಲ. ಬಾಧಿತರಲ್ಲಿ ನೂರಕ್ಕೆ 70ರಷ್ಟು ಮಂದಿಗೆ ರೋಗ ಪತ್ತೆಯೇ ಆಗಿರಲಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಆದ್ದರಿಂದ ಮಗಳ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಜಾತಕ ತೆರೆಯುವ ಮುನ್ನ ವೈದ್ಯರನ್ನು ಕಾಣಿರಿ. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಲು ಕೇಳಿರಿ. ಇದು ವಂಶದ ಪ್ರಶ್ನೆಯಲ್ಲ, ಅವಳ ಇಡೀ ಬಾಳಿನ ಆರೋಗ್ಯದ ಪ್ರಶ್ನೆ.