ಮಣಿಕಟ್ಟಿನ ಅಂಕಿ, ಕೊಳವೆಯ ತುದಿಯ ಮುಳ್ಳು

ಮುರ್ಡೇಶ್ವರದ ದಡದಿಂದ ದೋಣಿಯೇರಿ ಹೋಗಿ ನೇತ್ರಾಣಿಯ ಬಂಡೆಗಳ ಬುಡದಲ್ಲಿ ಮುಳುಗಿ ಬರುವ ಹವ್ಯಾಸವು ನಮ್ಮ ತರುಣರಲ್ಲಿ ಬೇರೂರುತ್ತಿರುವ ಈ ಕಾಲದಲ್ಲಿ, ಮೊದಮೊದಲು ಬಾಡಿಗೆಯ ಸಾಮಗ್ರಿಯನ್ನು ತೊಟ್ಟು ಇಳಿದವನು ಕ್ರಮೇಣ ಸ್ವಂತ ಸಲಕರಣೆಗೆ ಮನಸೋಲುವುದೂ, ಸಿಲಿಂಡರಿನ ವಾಯುಭಾರವನ್ನು ಕೊಳವೆಯ ಹಂಗಿಲ್ಲದೆ ಮಣಿಕಟ್ಟಿನ ಡೈವ್ ಕಂಪ್ಯೂಟರಿಗೆ ತಿಳಿಸುವ ನಿಸ್ತಂತು ಟ್ರಾನ್ಸ್‌ಮಿಟರು ಅದರಲ್ಲಿ ಸೇರುವುದೂ ಸಹಜವೇ. ಆ ಪುಟ್ಟ ಯಂತ್ರದ ವಿಷಯದಲ್ಲಿ ನನಗೆ ತಕರಾರಿಲ್ಲ. ಅದನ್ನು ಕೂರಿಸಿದೊಡನೆ ಹಳೆಯ ಮುಳ್ಳಿನ ಮಾಪಕವನ್ನು ಕೊಳವೆಸಮೇತ ಕಳಚಿಡುವ ಆತುರವನ್ನು ಮಾತ್ರ ಒಪ್ಪಲಾರೆ.

1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನರು ಆಕ್ವಾಲಂಗನ್ನು ರೂಪಿಸಿದ ಮೇಲೆಯೂ ಬಹುಕಾಲ, ತನ್ನ ಬೆನ್ನ ಮೇಲೆ ಎಷ್ಟು ಗಾಳಿ ಉಳಿದಿದೆಯೆಂಬುದು ಮುಳುಗಿದವನಿಗೆ ಸಾಮಾನ್ಯವಾಗಿ ತಿಳಿಯುತ್ತಿರಲಿಲ್ಲ. ಉಸಿರೆಳೆಯುವುದು ಬಿಗಿಯಾದಾಗ ಸರಳೊಂದನ್ನು ಜಗ್ಗಿ, ಸ್ಪ್ರಿಂಗು ತಡೆದಿಟ್ಟಿದ್ದ ಮೀಸಲು ಗಾಳಿಯನ್ನು ಬಿಡಿಸಿಕೊಂಡು ಮೇಲೇರಬೇಕಾಗಿತ್ತು. ಆ ಸರಳು ಎಲ್ಲಿಯಾದರೂ ತಗುಲಿ ಮೊದಲೇ ಜಗ್ಗಿಹೋಗಿದ್ದರೆ ಮೀಸಲೆಂಬುದೂ ಇಲ್ಲ. ಮುಳ್ಳಿನ ಮಾಪಕವು ಬಂದದ್ದು ಈ ಕುರುಡುತನಕ್ಕೆ ಪರಿಹಾರವಾಗಿ.

ಟ್ರಾನ್ಸ್‌ಮಿಟರಿನ ಜೋಡಣೆಯು ನೋಡುವುದಕ್ಕೆ ಅತಿ ಸುಲಭ. ರೆಗ್ಯುಲೇಟರಿನ ಮೊದಲ ಹಂತದಲ್ಲಿರುವ ಅಧಿಕ ಒತ್ತಡದ ರಂಧ್ರದ ಬಿರಡೆಯನ್ನು ಅಲೆನ್ ಕೀಯಿಂದ ಬಿಚ್ಚಿ, ಓ-ರಿಂಗ್ ಸವೆದಿಲ್ಲವೆಂಬುದನ್ನು ಕಂಡು, ಯಂತ್ರವನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಕಡೆಗೆ ಅದರ ಬುಡದ ಲೋಹಭಾಗಕ್ಕೆ ಸ್ಪ್ಯಾನರಿನಿಂದ ಹದವಾದ ಬಿಗಿ ಕೊಟ್ಟರಾಯಿತು; ಪ್ಲಾಸ್ಟಿಕ್ ಒಡಲನ್ನು ಹಿಡಿದು ತಿರುಚಕೂಡದು. ಬಳಿಕ ಸಿಲಿಂಡರಿನ ಕವಾಟವನ್ನು ಮೆಲ್ಲನೆ ತೆರೆದು, ಜೋಡಣೆಯನ್ನು ನೀರಿನಲ್ಲಿ ಅದ್ದಿ ಗುಳ್ಳೆಗಳೇಳುತ್ತವೆಯೇ ಎಂದು ನೋಡಬೇಕು. ಇಷ್ಟನ್ನು ಶ್ರದ್ಧೆಯಿಂದ ಮಾಡಿದ ಮೇಲೂ, ಹೊರಚಾಚಿ ನಿಂತ ಆ ಮೋಟು ದೋಣಿಯಲ್ಲಿ ಸಾಮಾನು ಎತ್ತುವವನ ಕಣ್ಣಿಗೆ ಹಿಡಿಕೆಯಾಗಿಯೇ ತೋರುವುದರಿಂದ, ಕೊಡದ ಕಂಠಕ್ಕೆ ಕೈಹಾಕುವಂತೆ ಅದಕ್ಕೇ ಕೈಹಾಕಿ ಇಡೀ ಸಿಲಿಂಡರನ್ನು ಎತ್ತುವ ಅಪಾಯವುಂಟು. ಮೊದಲೇ ಹೇಳಿಟ್ಟಿರುವುದು ಲೇಸು.

ಸಾಧಾರಣ ರೇಡಿಯೋ ಅಲೆಗಳನ್ನು ಸಮುದ್ರದ ಉಪ್ಪುನೀರು ಬಹುಬೇಗ ನುಂಗಿಬಿಡುತ್ತದೆ. ಆದ್ದರಿಂದ ಬಹುತೇಕ ಟ್ರಾನ್ಸ್‌ಮಿಟರುಗಳು ಅತಿ ಕಡಿಮೆ ಆವರ್ತನದ ಸಂಕೇತವನ್ನು ಕಳುಹಿಸುತ್ತವೆ. ಅದರ ಪ್ರಯಾಣವೂ ಒಂದೆರಡು ಮೀಟರಿನೊಳಗೇ ಮುಗಿಯುತ್ತದೆ. ಕಂಪ್ಯೂಟರು ಕಟ್ಟಿದ ತೋಳನ್ನು ಚಾಚಿದಾಗಲೋ, ಛಾಯಾಗ್ರಾಹಕನ ಫ್ಲಾಷು ಬಳಿಯಲ್ಲಿ ಚಾರ್ಜು ಆಗುತ್ತಿರುವಾಗಲೋ ಅಂಕಿಯು ಮಾಯವಾಗುವುದುಂಟು. ಬ್ಯಾಟರಿ ತೀರಿದರಂತೂ ಹೋದದ್ದು ಮರಳುವುದಿಲ್ಲ.

ಇದರ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. 20 ಮೀಟರ್ ಆಳದಲ್ಲಿ ಸುತ್ತಣ ಒತ್ತಡವು ಮೇಲ್ಮೈಯ ಮೂರರಷ್ಟಾಗಿ, ಒಂದೊಂದು ಉಸಿರೂ ಮೂರು ಉಸಿರಿನ ಗಾಳಿಯನ್ನು ವ್ಯಯಿಸುವಲ್ಲಿ, ಉಳಿದ ನಿಮಿಷಗಳನ್ನು ಯಂತ್ರವೇ ಎಣಿಸಿ ಹೇಳುವುದು ದೊಡ್ಡ ಸಹಾಯ. ಕೊಳವೆಯೊಂದು ಹೆಚ್ಚಾದಷ್ಟೂ ಸೋರುವ ಸ್ಥಳವೊಂದು ಹೆಚ್ಚುತ್ತದೆಂದು ವಾದಿಸುವ ಅನುಭವಿಗಳೂ ಇದ್ದಾರೆ; ಮಾಪಕವು ಕೊಳವೆಗೆ ಸೇರುವೆಡೆಯ ಪುಟ್ಟ ಓ-ರಿಂಗುಗಳು ಆಗಾಗ ಸೋರುತ್ತವೆಂಬುದೂ ದಿಟ. ಆದರೆ ಆ ಕೊಳವೆಯ ಬುಡದ ರಂಧ್ರವು ಸೂಜಿಯ ಮೊನೆಯಷ್ಟೇ ಕಿರಿದಾಗಿರುವುದರಿಂದ, ಕೊಳವೆಯೇ ಒಡೆದರೂ ಗಾಳಿಯು ನಿಧಾನವಾಗಿ ಹೋಗುತ್ತದೆ, ಮೇಲೇರಲು ಅವಕಾಶ ಸಿಗುತ್ತದೆ. ಅಂಕಿ ಮಾಯವಾದವನ ಅವಸ್ಥೆ ಬೇರೆ. ಅದು ಮರಳದಿದ್ದರೆ ಒಡನೆ ಮೇಲೇರಬೇಕಾದವನು, ಈಗ ಬಂದೀತು, ಇನ್ನೊಂದು ಗಳಿಗೆಯಲ್ಲಿ ಬಂದೀತು ಎಂದು ಮಣಿಕಟ್ಟನ್ನೇ ನೋಡುತ್ತ ಉಳಿಯುತ್ತಾನೆ. ದುಬಾರಿ ಯಂತ್ರದ ಮೇಲಣ ವಿಶ್ವಾಸವು ಅಂಥದು.

ಬಹುತೇಕ ರೆಗ್ಯುಲೇಟರುಗಳಲ್ಲಿ ಅಧಿಕ ಒತ್ತಡದ ರಂಧ್ರಗಳು ಎರಡಿರುತ್ತವೆ. ಒಂದರಲ್ಲಿ ಟ್ರಾನ್ಸ್‌ಮಿಟರು ಕೂತರೆ ಇನ್ನೊಂದರಲ್ಲಿ ಮುಳ್ಳಿನ ಮಾಪಕವು ಇದ್ದುಕೊಳ್ಳಲಿ. ಬಾಡಿಗೆಯ ರೆಗ್ಯುಲೇಟರಿಗೆ ತನ್ನ ಯಂತ್ರವನ್ನು ತಾನೇ ತಿರುಗಿಸಿಕೊಳ್ಳುವವನು ದೋಣಿ ಹತ್ತುವ ಮುನ್ನ ಅದನ್ನು ಕೇಂದ್ರದ ಮೆಕ್ಯಾನಿಕ್ಕಿಗೆ ತೋರಿಸಲಿ. ಹೊಸಬರಿಗಂತೂ ಶಿಕ್ಷಕರು ಮುಳ್ಳನ್ನು ಓದುವುದನ್ನೇ ಮೊದಲು ಕಲಿಸಲಿ.