ಹುಡುಗಿಯರಿಗೂ ಸೋಲುವ ಹಕ್ಕಿದೆ

ಅರಬ್ಬಿಯಲ್ಲಿ ‘ಉಮ್ಮ್’ ಎಂದರೆ ತಾಯಿ. ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಮಕ್ಕಳು ‘ಉಮ್ಮಾ’ ಎಂದು ಕೂಗುವುದೂ ಅದೇ ಪದವನ್ನು. ದೋಹಾದ ಉತ್ತರಕ್ಕಿರುವ ಉಮ್ಮ್ ಸಲಾಲ್ ಎಂಬ ಊರಿನ ಹೆಸರಿನಲ್ಲೇ ತಾಯಿ ಇದ್ದಾಳೆ. ಆದರೆ ಆ ಊರಿನ ಫುಟ್‌ಬಾಲ್ ಕಥೆಯಲ್ಲಿ ಮಗಳು ಎಲ್ಲೂ ಕಾಣುವುದಿಲ್ಲ.

ಉಮ್ಮ್ ಸಲಾಲ್ ಕ್ಲಬ್ ಸಣ್ಣದೇನಲ್ಲ. 2008ರಲ್ಲಿ ಕತಾರಿನ ಎಮಿರ್ ಕಪ್ ಗೆದ್ದಿತು, ಮರುವರ್ಷ ಏಷ್ಯಾ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ವರೆಗೆ ಹೋಯಿತು. ಕತಾರಿನ ಇಂಥ ಕ್ಲಬ್‌ಗಳಲ್ಲಿ ಹುಡುಗನೊಬ್ಬ ಮೇಲೇರಲು ಮೆಟ್ಟಿಲುಗಳಿವೆ. ವಯಸ್ಸಿಗೆ ತಕ್ಕ ತಂಡಗಳು, ಕೋಚ್‌ಗಳು, ಋತುವಿನುದ್ದಕ್ಕೂ ಪಂದ್ಯಗಳು. ಪ್ರತಿಭೆ ಇದ್ದರೆ ದೇಶದ ಕ್ರೀಡಾ ತರಬೇತಿ ಶಾಲೆಯಾದ ಅಸ್ಪೈರ್ ಅಕಾಡೆಮಿ. ಅದೇ ಬೀದಿಯಲ್ಲಿ ಚೆಂಡು ಒದೆಯುವ ಅವನ ತಂಗಿಗೆ ಇಂಥದೊಂದು ಏಣಿಯನ್ನು ಯಾರೂ ಇಟ್ಟಿಲ್ಲ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ: ‘ಹುಡುಗಿಯರ ತಂಡ ಕಟ್ಟಿ ನೋಡಿದೆವು, ಮಟ್ಟ ಸಾಲಲಿಲ್ಲ.’ ಕಟ್ಟಿದ್ದು ನಿಜ. 2010ರ ಅಕ್ಟೋಬರ್‌ನಲ್ಲಿ ಕತಾರ್ ಮಹಿಳಾ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿ ಬಹರೇನ್ ಎದುರು 0-17ರಿಂದ ಸೋತಿತು. ಅದೇ ವರ್ಷದ ಡಿಸೆಂಬರ್ 2ರಂದು ಕತಾರ್‌ಗೆ 2022ರ ವಿಶ್ವಕಪ್ ಆತಿಥ್ಯ ಸಿಕ್ಕಿತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಮರಳುಗಾಡಿನಲ್ಲಿ ಕ್ರೀಡಾಂಗಣಗಳು ಎದ್ದವು. ಆದರೆ ವಿಶ್ವಕಪ್ ಶುರುವಾಗುವ ಹೊತ್ತಿಗೆ ಆತಿಥೇಯ ದೇಶದ ಮಹಿಳಾ ತಂಡದ ಹೆಸರು ಫೀಫಾ ಶ್ರೇಯಾಂಕ ಪಟ್ಟಿಯಲ್ಲೇ ಇರಲಿಲ್ಲ. ವರ್ಷಗಟ್ಟಲೆ ಪಂದ್ಯವನ್ನೇ ಆಡದ ತಂಡಕ್ಕೆ ಆ ಪಟ್ಟಿಯಲ್ಲಿ ಜಾಗವಿರುವುದಿಲ್ಲ.

ಈಗ ಹುಡುಗರ ಲೆಕ್ಕ ನೋಡೋಣ. ಅಸ್ಪೈರ್ ಅಕಾಡೆಮಿ ಶುರುವಾದದ್ದು 2004ರಲ್ಲಿ. ಕತಾರ್ ಮೊದಲ ಬಾರಿ ಏಷ್ಯಾ ಕಪ್ ಗೆದ್ದದ್ದು 2019ರಲ್ಲಿ. ನಡುವಿನ ಹದಿನೈದು ವರ್ಷ ಹಣ, ಕೋಚ್, ವಿದೇಶಿ ತರಬೇತಿ ಯಾವುದೂ ನಿಲ್ಲಲಿಲ್ಲ. 2022ರಲ್ಲಿ ತನ್ನದೇ ನೆಲದಲ್ಲಿ ಈಕ್ವೆಡಾರ್, ಸೆನೆಗಲ್, ನೆದರ್‌ಲೆಂಡ್ಸ್ ಎದುರು ಮೂರಕ್ಕೆ ಮೂರೂ ಪಂದ್ಯಗಳನ್ನು ಈ ತಂಡ ಸೋತಿತು. ಪುರುಷರ ತಂಡವನ್ನು ಮುಚ್ಚೋಣ ಎಂದು ಯಾರೂ ಹೇಳಲಿಲ್ಲ. ಹದಿನೈದು ತಿಂಗಳೊಳಗೆ, 2024ರ ಫೆಬ್ರುವರಿಯಲ್ಲಿ, ಅದೇ ದೇಶ ಮತ್ತೆ ಏಷ್ಯಾ ಕಪ್ ಎತ್ತಿತು.

ಗಂಡುಮಕ್ಕಳು ಸೋತರೆ ‘ಕಲಿಯುತ್ತಿದ್ದಾರೆ’ ಎನ್ನುತ್ತೇವೆ. ಹೆಣ್ಣುಮಕ್ಕಳು ಸೋತರೆ ‘ಇವರಿಗೆ ಬರುವುದಿಲ್ಲ’ ಎನ್ನುತ್ತೇವೆ. ಮಕ್ಕಳ ಫುಟ್‌ಬಾಲ್‌ನಲ್ಲಿ ಲಿಂಗ ಸಮಾನತೆಯ ಪ್ರಶ್ನೆ ಇರುವುದು ಇಲ್ಲೇ. ಸೋತ ಮೇಲೆ ಮುಂದಿನ ಪಂದ್ಯ ಯಾರಿಗೆ ಸಿಗುತ್ತದೆ, ಅದನ್ನು ನಿರ್ಧರಿಸುವ ಮೇಜಿನ ಸುತ್ತ ಯಾರು ಕೂತಿದ್ದಾರೆ ಎಂಬುದಷ್ಟೇ ಇಲ್ಲಿ ಮುಖ್ಯ.

‘ಅಲ್ಲಿನ ಸಂಸ್ಕೃತಿ ಬೇರೆ’ ಎನ್ನುವವರಿದ್ದಾರೆ. ಕತಾರಿನ ಹುಡುಗಿಯರಿಗೆ 17 ಗೋಲು ಹೊಡೆದವರು ಪಕ್ಕದ ಬಹರೇನಿನ ಹುಡುಗಿಯರೇ. ಜೋರ್ಡಾನ್ 2016ರಲ್ಲೇ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಡೆಸಿತು. ಸೌದಿ ಅರೇಬಿಯಾದ ಮಹಿಳಾ ತಂಡ 2022ರಲ್ಲಿ ಮೊದಲ ಪಂದ್ಯ ಆಡಿತು; ಇವತ್ತು ಅಲ್ಲಿ ಮಹಿಳಾ ಲೀಗ್ ಇದೆ, ಫೀಫಾ ಪಟ್ಟಿಯಲ್ಲಿ ತಂಡದ ಹೆಸರೂ ಇದೆ. ತಲೆವಸ್ತ್ರ ಧರಿಸಿ ಆಡಲು ಫೀಫಾ 2014ರಲ್ಲೇ ಅನುಮತಿ ಕೊಟ್ಟಿದೆ. ಉಮ್ಮ್ ಸಲಾಲ್‌ನಿಂದ ಇನ್ನೂ ಉತ್ತರಕ್ಕಿರುವ ಅಲ್ ಬೈತ್ ಕ್ರೀಡಾಂಗಣದಲ್ಲಿ 2022ರ ಡಿಸೆಂಬರ್ 1ರಂದು ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ ಜರ್ಮನಿ ಮತ್ತು ಕೋಸ್ಟರಿಕಾ ಪಂದ್ಯಕ್ಕೆ ರೆಫರಿಯಾದರು. ಪುರುಷರ ವಿಶ್ವಕಪ್ ಪಂದ್ಯವೊಂದಕ್ಕೆ ಹೆಣ್ಣೊಬ್ಬಳು ಮುಖ್ಯ ರೆಫರಿಯಾದದ್ದು ಅದೇ ಮೊದಲು. ಅವರ ಶಿಳ್ಳೆಗೆ ಇಡೀ ಮೈದಾನ ನಿಂತಿತು, ಓಡಿತು. ಸಂಸ್ಕೃತಿಗೆ ಅಂದು ಯಾವ ಧಕ್ಕೆಯೂ ಆಗಲಿಲ್ಲ.

‘ನೋಡುವವರಿಲ್ಲ’ ಎಂಬ ಮಾತೂ ಹಳೆಯದೇ. 1920ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಮಹಿಳೆಯರ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡುವುದನ್ನು ನಿಷೇಧಿಸಿತು. ಆ ನಿಷೇಧ ಐವತ್ತು ವರ್ಷ ಬಾಳಿತು. ಜನ ಬರುತ್ತಿದ್ದ ಆಟವನ್ನು ಆಡಳಿತವೇ ಕೊಂದಿತು.

ಈ ಮಾತನ್ನೆಲ್ಲ ಕತಾರಿಗೆ ಹೇಳುವ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನಲ್ಲಿ ಪದಾಧಿಕಾರಿಗಳ ಅವಧಿ ಮುಗಿದರೂ ಚುನಾವಣೆ ನಡೆಯಲಿಲ್ಲ. ಸುಪ್ರೀಂ ಕೋರ್ಟ್ ಆಡಳಿತ ಸಮಿತಿ ನೇಮಿಸಿತು. ಅದನ್ನೇ ಹೊರಗಿನವರ ಹಸ್ತಕ್ಷೇಪ ಎಂದು 2022ರ ಆಗಸ್ಟ್‌ನಲ್ಲಿ ಫೀಫಾ ಭಾರತವನ್ನು ಅಮಾನತು ಮಾಡಿತು. ಹನ್ನೊಂದು ದಿನಗಳ ಆ ಅಮಾನತಿಗೆ ಬೆಲೆ ತೆತ್ತವರು ಯಾರು? ಏಷ್ಯಾದ ಮಹಿಳಾ ಕ್ಲಬ್ ಟೂರ್ನಿ ಆಡಲು ತಾಷ್ಕೆಂಟಿಗೆ ಹೋಗಿದ್ದ ಗೋಕುಲಂ ಕೇರಳ ತಂಡದ ಹುಡುಗಿಯರು. ಒಂದೂ ಪಂದ್ಯ ಆಡದೆ ವಾಪಸು ಬಂದರು. ಅದೇ ವರ್ಷ 17 ವರ್ಷದೊಳಗಿನ ಹುಡುಗಿಯರ ತಂಡದ ಯುರೋಪ್ ಪ್ರವಾಸದಲ್ಲಿ ಲೈಂಗಿಕ ದುರ್ವರ್ತನೆಯ ದೂರು ಬಂದು ಸಹಾಯಕ ಕೋಚ್ ಒಬ್ಬರನ್ನು ವಜಾ ಮಾಡಲಾಯಿತು. ಕುರ್ಚಿಯಲ್ಲಿ ಕೂತವರ ತಪ್ಪು ಕೊನೆಗೆ ಬಂದು ಬೀಳುವುದು ಅಂಗಳದಲ್ಲಿರುವ ಮಗುವಿನ ಮೇಲೆ.

ಅದೇ 2022ರ ಅಕ್ಟೋಬರ್‌ನಲ್ಲಿ ಭಾರತವೇ ಆತಿಥ್ಯ ವಹಿಸಿದ್ದ ವಿಶ್ವಕಪ್‌ನಲ್ಲಿ 17 ವರ್ಷದೊಳಗಿನ ನಮ್ಮ ಹುಡುಗಿಯರು ಅಮೆರಿಕದ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5ರಿಂದ ಸೋತರು. ಒಂದೂ ಗೋಲಿಲ್ಲ. ಅಂದು ‘ಸಾಕು’ ಎಂದು ಬಾಗಿಲು ಹಾಕಿದ್ದರೆ? ಹಾಕಲಿಲ್ಲ. 2025ರ ಜುಲೈನಲ್ಲಿ ಭಾರತದ ಹಿರಿಯರ ತಂಡ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಆಗಸ್ಟ್‌ನಲ್ಲಿ 20 ವರ್ಷದೊಳಗಿನವರು, ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರು ತಮ್ಮ ತಮ್ಮ ಏಷ್ಯಾ ಕಪ್‌ಗೆ ಅರ್ಹರಾದರು. ಮುಂದಿನ ಪಂದ್ಯ ಸಿಕ್ಕರೆ ಹುಡುಗಿಯರು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮತ್ತೆ ಕತಾರಿಗೆ ಬರೋಣ. ಅಲ್ಲಿ ಫೀಫಾ ಏನು ಮಾಡಿತು? 2025ರಿಂದ 2029ರವರೆಗಿನ 17 ವರ್ಷದೊಳಗಿನ ಹುಡುಗರ ಐದೂ ವಿಶ್ವಕಪ್‌ಗಳನ್ನು ಕತಾರ್‌ಗೆ ಕೊಟ್ಟಿತು. ಹುಡುಗಿಯರ ಐದು ವಿಶ್ವಕಪ್‌ಗಳು ಮೊರಾಕ್ಕೊ ಪಾಲಾದವು. ಹುಡುಗರ ಟೂರ್ನಿಗೆ 48 ತಂಡ, ಹುಡುಗಿಯರದಕ್ಕೆ 24. ದೋಹಾದ ಮಕ್ಕಳು ಐದು ವರ್ಷ ಸತತವಾಗಿ ಜಗತ್ತಿನ ಅತ್ಯುತ್ತಮ ಕಿರಿಯ ಆಟಗಾರರನ್ನು ಕಣ್ಣೆದುರು ನೋಡುತ್ತಾರೆ. ಆ ಆಟಗಾರರೆಲ್ಲ ಹುಡುಗರೇ. ಮನೆಯಲ್ಲಿ ಹುಡುಗಿಯರ ತಂಡವನ್ನು ಉಳಿಸಿಕೊಳ್ಳದ ದೇಶಕ್ಕೆ, ಯಾವ ಷರತ್ತೂ ಕಾಣದಂತೆ, ಮಕ್ಕಳ ಆಟದ ಅತಿ ದೊಡ್ಡ ಹಬ್ಬವನ್ನು ಐದು ಬಾರಿ ಒಪ್ಪಿಸಿದ್ದು ತಪ್ಪು. ಲಿಂಗ ತಾರತಮ್ಯ ಸಲ್ಲದು ಎಂದು ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿರುವ ಸಂಸ್ಥೆ ಮಾಡಿದ್ದರಿಂದ ಅದು ಇನ್ನೂ ದೊಡ್ಡ ತಪ್ಪು.

ದಾರಿ ಇಲ್ಲದಿಲ್ಲ. ದಕ್ಷಿಣ ಅಮೆರಿಕದ ಒಕ್ಕೂಟ 2019ರಿಂದ ಒಂದು ನಿಯಮ ತಂದಿತು: ಮಹಿಳಾ ತಂಡ ಇಲ್ಲದ ಕ್ಲಬ್‌ಗೆ ಖಂಡದ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಕೋಪಾ ಲಿಬರ್ಟಡೋರೆಸ್‌ನಲ್ಲಿ ಜಾಗ ಇಲ್ಲ. ಅಂಥದೇ ನಿಯಮ ಏಷ್ಯಾಕ್ಕೂ ಬರಲಿ. ಉಮ್ಮ್ ಸಲಾಲ್‌ನಂಥ ಪ್ರತಿ ಕ್ಲಬ್‌ನಲ್ಲೂ ಹುಡುಗಿಯರ ವಯೋಮಿತಿ ತಂಡ ಇರಲಿ, ಅದಕ್ಕೆ ಪ್ರತ್ಯೇಕ ಹಣ, ಮಹಿಳಾ ಕೋಚ್‌ಗಳು, ನಿರ್ಭಯವಾಗಿ ದೂರು ಕೊಡುವ ವ್ಯವಸ್ಥೆ ಇರಲಿ. 2029ರ ಟೂರ್ನಿಗೆ ಮೊದಲು ಕತಾರಿನ 17 ವರ್ಷದೊಳಗಿನ ಹುಡುಗಿಯರು ಏಷ್ಯಾದ ಅರ್ಹತಾ ಪಂದ್ಯ ಆಡಲೇಬೇಕು ಎಂದು ಫೀಫಾ ಷರತ್ತು ಹಾಕಲಿ. ನಮ್ಮಲ್ಲಿ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು ಇರಬೇಕೆಂದು ಹೇಳಿದೆ. ಆ ನಾಲ್ಕು ಕುರ್ಚಿಗಳು ಫೋಟೊಕ್ಕೆ ಮೀಸಲಾಗದೆ ಬಜೆಟ್ಟಿನ ಮೇಲೆ ಮಾತಾಡುವಂತಾಗಬೇಕು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯೂ ಹುಡುಗರ ತಂಡ ನೋಂದಾಯಿಸುವ ಪ್ರತಿ ಕ್ಲಬ್‌ನಿಂದ ಹುಡುಗಿಯರ ತಂಡವನ್ನೂ ಕೇಳಲಿ.

ಕತಾರಿನಲ್ಲಿ ದುಡಿಯುವ ಕನ್ನಡಿಗ, ತುಳು, ಬ್ಯಾರಿ ಕುಟುಂಬಗಳಿಗೂ ಒಂದು ಮಾತು. ವಾರದ ರಜೆಯಲ್ಲಿ ಮಗನನ್ನು ಕೋಚಿಂಗ್‌ಗೆ ಕರೆದುಕೊಂಡು ಹೋಗುವಾಗ ಮಗಳಿಗೂ ಶೂ ಕೊಡಿಸಿ, ಅವಳನ್ನೂ ಕಾರು ಹತ್ತಿಸಿ. ‘ಹುಡುಗಿಯರಿಗೆ ಬ್ಯಾಚ್ ಇಲ್ಲ’ ಎಂದರೆ ‘ಯಾಕಿಲ್ಲ?’ ಎಂದು ಕೇಳಿ. ಅವಳು ಮೊದಲ ಪಂದ್ಯ ಸೋತು ಬರಲಿ. ಎರಡನೆಯದಕ್ಕೂ ಕರೆದುಕೊಂಡು ಹೋಗಿ.