ಹಾಲುಹಲ್ಲಿಗೂ ಒಂದು ಲೆಕ್ಕವಿರಲಿ

ಕೋಲ್ಕತ್ತದ ಖಿದಿರ್‌ಪುರ ಹಡಗುಕಟ್ಟೆಯ ಆಸರೆಯಲ್ಲಿ ಬೆಳೆದ ಪ್ರದೇಶ. ದುಡಿಮೆಯನ್ನರಸಿ ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಅನೇಕ ಕುಟುಂಬಗಳು ಅಲ್ಲಿವೆ. ಇಂಥ ಕಡೆ ಆರೋಗ್ಯದ ದಾಖಲೆಯು ಮಗುವಿನೊಡನೆ ಸಾಗದಿದ್ದರೆ ತಪಾಸಣೆ ನಡೆದೂ ನಡೆಯದಂತೆಯೇ ಸರಿ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಗಳಲ್ಲಿ ತೂಕವನ್ನು ಬರೆದಿಡುವ ಶಿಸ್ತನ್ನು ತಂದಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ ತಪಾಸಣೆಯಾಗಬೇಕು; ಹಲ್ಲಿನ ತೊಂದರೆಗಳೂ ಅದರ ಪಟ್ಟಿಯಲ್ಲಿವೆ. ಆದುದರಿಂದ ಬೇಕಿರುವುದು ಹೊಸ ಯೋಜನೆಯಲ್ಲ, ಕಂಡದ್ದನ್ನು ಮುಂದಿನ ತಪಾಸಣೆಗೆ ಒಪ್ಪಿಸುವ ಕ್ರಮ. ಹಿಂದಿನ ಶಿಲ್ಕು ತಿಳಿಯದೆ ಯಾವ ಲೆಕ್ಕವೂ ತಾಳೆಯಾಗದು.

‘ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ’ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಸುಮಾರು ಮೂರು ವರ್ಷದೊಳಗೆ 20 ಹಾಲುಹಲ್ಲುಗಳು ಮೂಡುತ್ತವೆ. ಹುಳುಕು ಮೊದಲು ಕಾಣುವುದು ವಸಡಿನಂಚಿನ ಬಿಳಿಯ ಮಚ್ಚೆಯಾಗಿ. ಆಗಲೇ ಗುರುತಿಸಿದರೆ ತಡೆಯಬಹುದು. ಮಚ್ಚೆ ಹೊಸದೋ ಹಳೆಯದೋ, ಬೆಳೆಯಿತೋ ನಿಂತಿತೋ ಎಂಬುದನ್ನು ಹಿಂದಿನ ದಾಖಲೆಯಷ್ಟೇ ಹೇಳಬಲ್ಲದು. ಆರರ ಸುಮಾರಿಗೆ ಯಾವ ಹಲ್ಲೂ ಬೀಳದೆ ಹಿಂದುಗಡೆ ಮೂಡುವ ಶಾಶ್ವತ ದವಡೆಹಲ್ಲನ್ನು ಹೆತ್ತವರು ಹಾಲುಹಲ್ಲೆಂದೇ ಭಾವಿಸುವುದುಂಟು. ಮಗು ಅಂಗನವಾಡಿಯನ್ನು ಬಿಡುವುದೂ ಅದೇ ವಯಸ್ಸಿನಲ್ಲಿ.

ಇದು ಬಡವರ ಮಾತಷ್ಟೇ ಅಲ್ಲ. ವರ್ಗಾವಣೆಯಿಂದ ಊರೂರು ಸುತ್ತುವ ಹೊರನಾಡ ಕನ್ನಡ ಕುಟುಂಬಗಳ ಮಕ್ಕಳು ಹೋಗುವ ಖಾಸಗಿ ಶಿಶುವಿಹಾರಗಳು ಈ ಸರ್ಕಾರಿ ತಪಾಸಣೆಯ ವ್ಯಾಪ್ತಿಗೇ ಬರುವುದಿಲ್ಲ. ಅಮೆರಿಕದಲ್ಲಿ 1965ರಲ್ಲಿ ಆರಂಭವಾದ ಹೆಡ್ ಸ್ಟಾರ್ಟ್ ಕೇಂದ್ರಗಳು ಮಗು ಸೇರಿದ 90 ದಿನಗಳೊಳಗೆ ಅದರ ದಂತ ಆರೈಕೆಯ ಸ್ಥಿತಿಯನ್ನು ಅರಿಯಬೇಕೆಂಬ ನಿಯಮವಿದೆ. ಭಾರತದ ಮೊದಲ ದಂತ ಕಾಲೇಜು 1920ರಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಅವರಿಂದ ಸ್ಥಾಪಿತವಾದದ್ದು ಕೋಲ್ಕತ್ತದಲ್ಲಿಯೇ. ಆ ನಗರದ ಮಕ್ಕಳಿಗೆ ಇಷ್ಟಾದರೂ ದೊರೆಯಬೇಡವೇ?

ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ಸಮಾಜವು ದಂತ ಶಿಬಿರಗಳಿಗೆ ಹಿಂಜರಿಯುವುದಿಲ್ಲ. ಆದರೆ ಶಿಬಿರದ ವರದಿಯಲ್ಲಿ ‘ಇಷ್ಟು ಮಕ್ಕಳ ತಪಾಸಣೆ’ ಎಂಬ ಸಂಖ್ಯೆಯಿದ್ದರೆ ಸಾಲದು. ಎಷ್ಟು ಮಕ್ಕಳಿಗೆ ಚಿಕಿತ್ಸೆ ಬೇಕಿತ್ತು, ಅವರಲ್ಲಿ ಎಷ್ಟು ಮಂದಿಗೆ ಅದು ದೊರೆಯಿತು ಎಂಬ ಎರಡು ಸಂಖ್ಯೆಗಳನ್ನು ಟ್ರಸ್ಟುಗಳು ವಾರ್ಷಿಕ ವರದಿಯಲ್ಲಿ ಮುದ್ರಿಸಲಿ. ಪ್ರತಿ ತಾಯಿಯ ಕೈಗೆ 20 ಹಲ್ಲುಗಳ ಚಿತ್ರವಿರುವ, ದಿನಾಂಕ ಮತ್ತು ಸಹಿಯುಳ್ಳ ಒಂದು ಕಾರ್ಡು ಸಿಗಲಿ. ಊರು ಬದಲಾದಾಗ ಅದು ಮಗುವಿನೊಡನೆ ಹೋಗುತ್ತದೆ. ಅದಕ್ಕೆ ತಗಲುವ ವೆಚ್ಚ ಶಿಬಿರದ ಪೆಂಡಾಲಿಗಿಂತ ಕಡಿಮೆಯೇ.